ರೊಟ್ಟಿ ಎಣಿಸಿದ ವರ್ಷ

ಯುದ್ಧ ನಡೆದಿದ್ದ ಒಂದು ವರ್ಷ ನಮ್ಮ ಗಲ್ಲಿಯ ಬಳೆಯಂಗಡಿ ರೇಷನ್ ಅಂಗಡಿಯಾಯಿತು. ಬಳೆಗಾರ ಹೋಗುವಾಗ ಗೋಡೆಯ ಗೂಟಗಳನ್ನೂ ಕಿತ್ತುಕೊಂಡು ಹೋಗಿದ್ದ. ಗೂಟಗಳಿದ್ದ ತೂತುಗಳು ಮಾತ್ರ ಸಾಲಾಗಿ ಉಳಿದಿದ್ದವು. ಅವುಗಳ ಕೆಳಗೆ ಸರಕಾರದ ತಕ್ಕಡಿ ಬಂದು ಕೂತಿತು. ಮದುವೆಯ ತಿಂಗಳಲ್ಲಿ ಹೆಂಗಸರು ಕೈ ಚಾಚಿ ಕೂಡುತ್ತಿದ್ದ ಕಟ್ಟೆಯ ಮೇಲೆ ಈಗ ಅದೇ ಹೆಂಗಸರು ಚೀಲ ಹಿಡಿದು ನಿಲ್ಲತೊಡಗಿದರು.

ಪುಣೆಯ ನಾನಾ ಪೇಠೆಯಲ್ಲಿ, ಕಾಳಿನ ಪೇಟೆಗೆ ಹೋಗುವ ದಾರಿಯ ಆ ಗಲ್ಲಿಯಲ್ಲಿ ನಾನು ನನ್ನ ಸೋದರತ್ತೆಯ ಮನೆಯಲ್ಲಿದ್ದೆ. ಅಪ್ಪ ಬೆಳಗಾವಿಯ ಕೋರ್ಟಿನಲ್ಲಿ ಕಾರಕೂನರು. ತಾಯಿಯಿಲ್ಲದ ಹುಡುಗಿಯನ್ನು ಕಾಲೇಜಿಗೆ ಎಲ್ಲಿ ಕಳಿಸಬೇಕೆಂಬ ಪ್ರಶ್ನೆಗೆ ಅವರಿಗೆ ಹೊಳೆದ ಉತ್ತರ ತಮ್ಮ ಅಕ್ಕ. ಆ ವರ್ಷ ನಾನು ಬಿ.ಎ. ಕೊನೆಯ ತರಗತಿಯಲ್ಲಿದ್ದೆ. ವಿಷಯ ಅರ್ಥಶಾಸ್ತ್ರ.

ಗಲ್ಲಿಯಲ್ಲಿ ಬದಲಾದದ್ದು ಬಳೆಯಂಗಡಿಯೊಂದೇ ಅಲ್ಲ. ಪೇಢೆ ಮಾಡುವವನು ಸಕ್ಕರೆ ಸಿಗದೆ ಬಾಗಿಲು ಹಾಕಿ ಖಡಕಿಯ ಮದ್ದುಗುಂಡಿನ ಕಾರಖಾನೆಗೆ ಸೇರಿದ. ಟಾಂಗಾದವನು ಕುದುರೆಗೆ ಕಡಲೆ ಹಾಕಲಾರದೆ ಅದನ್ನು ಮಾರಿದ. ಟಾಂಗಾ ಗೋಡೆಗೆ ಒರಗಿ ನಿಂತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಗಾಲಿಗಳನ್ನು ಯಾರೋ ಒಯ್ದಿದ್ದರು. ಕಾಲೇಜಿಗೆ ಹೋಗುವ ದಾರಿಯಲ್ಲಿ ತಾಮ್ರದ ಹಂಡೆ ಬಡಿಯುವವರ ಓಣಿ ಇತ್ತು. ಅಲ್ಲಿ ಮಾತಾಡಬೇಕಾದರೆ ಕೂಗಬೇಕಿತ್ತು. ತಾಮ್ರವೆಲ್ಲ ಯುದ್ಧಕ್ಕೆ ಹೋದ ಮೇಲೆ ಆ ಓಣಿಯಲ್ಲಿ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳಿಸುತ್ತಿತ್ತು. ಗಲ್ಲಿಯಲ್ಲಿ ಏಳಿಗೆ ಕಂಡವನೆಂದರೆ ದರ್ಜಿ ಒಬ್ಬನೇ. ಅವನ ಅಂಗಡಿಯಲ್ಲಿ ಖಾಕಿ ಬಟ್ಟೆ ಬಾಗಿಲವರೆಗೂ ಬಿದ್ದಿರುತ್ತಿತ್ತು.

ಅತ್ತೆ ನಡೆಸುತ್ತಿದ್ದದ್ದು ಖಾನಾವಳಿ. ಫಲಕವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ಬಂದ ಗುಮಾಸ್ತರು, ವಿದ್ಯಾರ್ಥಿಗಳು, ಗೋದಾಮಿನಲ್ಲಿ ದುಡಿಯುವವರು ವಾಸನೆ ಹಿಡಿದೇ ಬರುತ್ತಿದ್ದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ತಿಂಗಳಿಗೆ ಒಂದು ದರ, ಹೊಟ್ಟೆಗೆ ಮಿತಿಯಿಲ್ಲ. ಅತ್ತೆಗಿದ್ದದ್ದು ಒಂದೇ ನೇಮ: ಉಣ್ಣುವವರ ರೊಟ್ಟಿ ಎಣಿಸಬಾರದು. ಎಣಿಸಿದರೆ ಉಂಡವನ ಮೈಗೆ ಅನ್ನ ಹತ್ತುವುದಿಲ್ಲ, ನೀಡಿದವಳ ಕೈ ಬರಿದಾಗುತ್ತದೆ. ಇದನ್ನು ಅವಳು ಯಾರಿಗೂ ಬೋಧಿಸುತ್ತಿರಲಿಲ್ಲ. ನೀಡುವಾಗ ಮುಖ ಬೇರೆ ಕಡೆ ತಿರುಗಿಸಿರುತ್ತಿದ್ದಳು, ಅಷ್ಟೇ.

ಪುಣೆಯಲ್ಲಿ ಗಂಡ ತೀರಿಕೊಂಡಾಗ ಅವಳು ನನ್ನ ಈಗಿನ ವಯಸ್ಸಿನವಳು. ಗಂಡನ ಊರಿಗೂ ಹೋಗದೆ, ತವರಿಗೂ ಬರದೆ, ರೊಟ್ಟಿಯ ಬುಟ್ಟಿ ಹೊತ್ತು ಕಾಳಿನ ಪೇಟೆಯ ಬೇವಿನ ಮರದ ಕೆಳಗೆ ಕೂತಳು. ಮೊದಲ ದಿನ ಮಧ್ಯಾಹ್ನದವರೆಗೆ ಒಬ್ಬರೂ ಬರಲಿಲ್ಲವಂತೆ. ಆಮೇಲೆ ಒಬ್ಬ ಹಮಾಲ ಚೀಲ ಇಳಿಸಿ, ಬೆವರೊರೆಸಿಕೊಂಡು ಎದುರು ಬಂದು ಕೂತ. ಅವಳು ಮೊದಲ ರೊಟ್ಟಿ ಹಾಕಿದಾಗ ಅವನು ಗಟ್ಟಿಯಾಗಿ "ಲಾಭಾ!" ಎಂದ.

ಅದು ಕಾಳಿನ ಪೇಟೆಯ ಪದ್ಧತಿ. ಸೇರಿನಿಂದ ಕಾಳು ಅಳೆಯುವವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಮುಂದೆ ಹೋಗುತ್ತಾರೆ. ಅವನ ಆ ಒಂದು ಕೂಗಿಗೆ ಉಳಿದ ಹಮಾಲರೂ ಬಂದರು, ಬುಟ್ಟಿ ಖಾಲಿಯಾಯಿತು. ಅವನು ಕೂಗದಿದ್ದರೆ ತಾನು ಸಂಜೆಯ ಗಾಡಿ ಹತ್ತುತ್ತಿದ್ದೆ ಎಂದು ಅತ್ತೆ ಒಮ್ಮೆ ಹೇಳಿದ್ದಳು. ಒಮ್ಮೆಯೇ.

ನಾನು ಬಂದಾಗಲೂ ಅವನು ಉಣ್ಣುತ್ತಿದ್ದ. ತಲೆ ನರೆತಿತ್ತು, ಹೆಗಲು ಹಾಗೇ ಇತ್ತು. ಊಟಕ್ಕೆ ಬರುವವರೆಲ್ಲ ಅವನನ್ನು ಪೈಲವಾನ ಎನ್ನುತ್ತಿದ್ದರು. ಸಾಲಿನ ಕೊನೆಗೆ, ಬಾಗಿಲ ಹತ್ತಿರ ಅವನ ಜಾಗ. ಮೊದಲ ರೊಟ್ಟಿ ಬೀಳುತ್ತಲೂ ಅದೇ ಕೂಗು.

"ಲಾಭಾ! ಮುಂದಿಂದು ನೀವೂ ಎಣಸಬ್ಯಾಡ್ರಿ ಅಕ್ಕಾರ, ನಾನೂ ಎಣಸೂದಿಲ್ಲ."

"ನಿನ್ನ ಲಾಭ ಮುಗಿಯೂದ್ರಾಗ ನಮ್ಮ ಬುಟ್ಟಿ ಮುಗೀತದ ನೋಡು," ಎಂದು ಧಾರವಾಡದ ಗುಮಾಸ್ತರೊಬ್ಬರು ಹೇಳುತ್ತಿದ್ದರು. ಮಿಲಿಟರಿ ಲೆಕ್ಕದ ಆಫೀಸಿನವರು ಅವರು, ಹೆಂಡತಿ ಮಕ್ಕಳನ್ನು ಊರಲ್ಲಿಟ್ಟು ಇಲ್ಲಿ ಒಂದು ಖೋಲಿಯಲ್ಲಿದ್ದರು.

"ರಾಯರ, ನೀವು ಪೆನ್ನ ಹೊರತೀರಿ, ನಾ ಚೀಲ ಹೊರತೀನಿ. ಪೆನ್ನಿಗೆ ಎಷ್ಟ ರೊಟ್ಟಿ ಬೇಕ್ರಿ?"

ಸಾಲಿಗೆ ಸಾಲೇ ನಗುತ್ತಿತ್ತು. ಗುಮಾಸ್ತರೂ ನಗುತ್ತಿದ್ದರು. ಅದು ಹಿಂದಿನ ವರ್ಷದ ಮಾತು.

ನಗು ಕಡಿಮೆಯಾದದ್ದು ನಮ್ಮಲ್ಲಿ ಉಣ್ಣುತ್ತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಚಳವಳಿಯಲ್ಲಿ ಹಿಡಿದು ಯೆರವಡಾ ಜೇಲಿಗೆ ಒಯ್ದ ಮೇಲೆ. ಅತ್ತೆ ಅವರಿಗೆಂದು ರೊಟ್ಟಿ ಕಟ್ಟಿ ಕಳಿಸಿದಳು. ಬಾಗಿಲಿನಿಂದಲೇ ಗಂಟು ಮರಳಿ ಬಂತು.

"ಅಲ್ಲೆ ರೊಟ್ಟಿ ಎಣಿಸಿ ಕೊಡತಾರಂತ ಅಕ್ಕಾರ," ಎಂದರು ಗುಮಾಸ್ತರು.

"ಅದು ಜೇಲು. ಅದಕ್ಕ," ಎಂದಳು ಅತ್ತೆ.

ಆಮೇಲೆ ಕಾರ್ಡುಗಳು ಬಂದವು. ಕಾಯಮ್ಮಾಗಿ ಉಣ್ಣುವವರು ತಮ್ಮ ಕಾರ್ಡನ್ನು ಖಾನಾವಳಿಗೆ ಕೊಡಬೇಕು, ಅಷ್ಟು ಕಾರ್ಡಿಗೆ ಎಷ್ಟೋ ಅಷ್ಟು ಕಾಳು. ಎಲ್ಲರೂ ತಂದುಕೊಟ್ಟರು. ಪೈಲವಾನನ ಹತ್ತಿರ ಕಾರ್ಡಿರಲಿಲ್ಲ. ಕಾರ್ಡಿಗೆ ಮನೆ ಬೇಕು. ಅವನು ಮಲಗುವುದು ಪೇಟೆಯ ಗೋದಾಮಿನ ಜಗಲಿಯ ಮೇಲೆ. ಜಗಲಿಗೆ ಮನೆಯ ನಂಬರಿಲ್ಲ. ಅತ್ತೆ ಅವನನ್ನು ಕರೆದುಕೊಂಡು ಕಚೇರಿಗೆ ಹೋದಳು. ಮರಾಠಿ ಮಾತಾಡಲು ನಾನೂ ಹೋದೆ. ಇವನು ನಿಮಗೆ ಏನಾಗಬೇಕು ಎಂದು ಅಲ್ಲಿನವನು ಕೇಳಿದ. ನಾನು ಮಾತು ಜೋಡಿಸುವುದರೊಳಗೆ ಅತ್ತೆ ತನ್ನ ಹರಕು ಮರಾಠಿಯಲ್ಲಿ, ನಮ್ಮಲ್ಲಿ ಉಣ್ಣುತ್ತಾನೆ ಎಂದಳು. ನಿಜ ಅದೇ. ಆದರೆ ಅದು ಕಾರ್ಡಿಗೆ ಸಾಕಾಗುವ ಸಂಬಂಧವಾಗಿರಲಿಲ್ಲ. ತಮ್ಮ ಎಂದಿದ್ದರೆ ಸಾಕಿತ್ತು. ಹಾಗೆ ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ, ಹೊಳೆದಿದ್ದರೂ ಹೇಳುತ್ತಿರಲಿಲ್ಲ.

ಮೊದಮೊದಲು ತೊಂದರೆ ಕಾಣಲಿಲ್ಲ. ಚೀಲದಿಂದ ಉದುರಿದ ಕಾಳು ಹಮಾಲರ ಹಕ್ಕು. ಸಂಜೆ ಅವನು ನೆಲದ ಕಾಳನ್ನು ಬಳಿದು ಟವೆಲಿನ ಮೂಲೆಯಲ್ಲಿ ಕಟ್ಟಿ ತರುತ್ತಿದ್ದ. ಮಣ್ಣು, ಹರಳು, ಇಲಿಯ ಹಿಕ್ಕೆ, ನಡುನಡುವೆ ಜೋಳ. ಅತ್ತೆ ಮೊರದಲ್ಲಿ ಕೇರಿ, ತೊಳೆದು, ಬಿಸಿಲಿಗೆ ಹರವುತ್ತಿದ್ದಳು. ಬರಬರುತ್ತ ಪೇಟೆಯೇ ಬರಿದಾಯಿತು. ಇದ್ದಬದ್ದ ಚೀಲಗಳು ಪಹರೆಯಲ್ಲಿ ಲಾರಿ ಹತ್ತಿ ಹೋಗುತ್ತಿದ್ದವು, ನೆಲ ಬಳಿಯಲು ಹಮಾಲರನ್ನು ಬಿಡುತ್ತಿರಲಿಲ್ಲ. ಒಂದು ಸಂಜೆ ಅವನು ಟವೆಲನ್ನು ಬರಿದೇ ಹೆಗಲ ಮೇಲೆ ಹಾಕಿಕೊಂಡು ಬಂದ. ಎಲ್ಲರೂ ನೋಡಿದರು.

ಅದೇ ಹೊತ್ತಿಗೆ ರೇಷನ್ ಅಂಗಡಿಯಲ್ಲಿ ನಮ್ಮ ಜೋಳ ಮುಗಿದು ಕೆಂಪು ಜೋಳ ಬಂತು.

"ಘ್ಯಾ ಮೌಶಿ, ಅಮೇರಿಕೇಚೀ ಜ್ವಾರಿ," ಎಂದ ಅಂಗಡಿಯವನು, ತಗೊಳ್ಳಿ ಅಮೇರಿಕದ ಜೋಳ ಎಂದು ದೊಡ್ಡ ಉಡುಗೊರೆ ಕೊಟ್ಟವನ ಹಾಗೆ.

ಅತ್ತೆ ಮನೆಗೆ ಬಂದು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. "ಅಮೇರಿಕದಾಗೂ ರೊಟ್ಟಿ ಬಡೀತಾರೇನವ್ವಾ?"

ಅಲ್ಲಿ ಅದನ್ನು ದನಕ್ಕೆ ಹಾಕುತ್ತಾರೆಂದು ನಾನು ಓದಿದ್ದೆ. ಗೊತ್ತಿಲ್ಲ ಅತ್ತೀ ಎಂದೆ.

ಆ ಹಿಟ್ಟಿಗೆ ಜಿಗಿ ಇರಲಿಲ್ಲ. ಎಸರು ಕಾಯಿಸಿ ಹಾಕಿದಳು, ನಾದಿದಳು, ಅಂಬಲಿ ಬೆರೆಸಿ ನೋಡಿದಳು. ಬಡಿಯುತ್ತಿದ್ದಂತೆಯೇ ಅಂಚು ಸೀಳುತ್ತಿತ್ತು, ಹಂಚಿನ ಮೇಲೆ ಹಾಕುವಾಗ ಎರಡು ತುಂಡಾಗುತ್ತಿತ್ತು. ಅಷ್ಟು ವರ್ಷ ಕಣ್ಣು ಮುಚ್ಚಿ ಬಡಿದ ಕೈ. ಮೊದಲ ದಿನ ಅವಳು ತುಂಡುಗಳನ್ನು ಬುಟ್ಟಿಯಲ್ಲಿ ಸೇರಿಸಿ ಸೇರಿಸಿ ದುಂಡಗೆ ಕಾಣುವ ಹಾಗೆ ಇಟ್ಟಳು.

ಗುಮಾಸ್ತರು ತಾಟಿನಲ್ಲಿ ಬಿದ್ದದ್ದನ್ನು ನೋಡಿ, "ಅಕ್ಕಾರ, ಇದು ರೊಟ್ಟಿ ಅಲ್ರಿ, ಯುದ್ಧದ ನಕಾಶಿ. ಇಲ್ಲೆ ನೋಡ್ರಿ, ಜರ್ಮನಿ ಮುರದು ಬಿದ್ದದ," ಎಂದರು.

"ಹಂಗಂದ್ರ ಜರ್ಮನಿ ನನಗ ಹಾಕ್ರಿ. ರಾಯರು ಇಂಗ್ಲೆಂಡ ತಿನ್ನಲಿ, ಅವರ ಪಗಾರ ಅಲ್ಲಿಂದ ಬರತೈತಿ," ಎಂದ ಪೈಲವಾನ.

ಆ ಸಾಲಿನ ಕೊನೆಯ ನಗು ಅದು ಎಂದು ನನ್ನ ನೆನಪು.

ಒಂದು ರವಿವಾರ ಊಟವಾದ ಮೇಲೆ ಗುಮಾಸ್ತರು ಏಳಲಿಲ್ಲ. ಪೈಲವಾನ ಹೋಗುವವರೆಗೆ ಕಾದರು. ಅವರ ಅಂಗಿಯ ಕಾಲರು ಕುತ್ತಿಗೆಗಿಂತ ದೊಡ್ಡದಾಗಿತ್ತು. ಒಳಗೆ ಎರಡು ಬೆರಳು ಹಿಡಿಸುವಷ್ಟು. ಕಾಲರು ಮೊದಲಿನದೇ.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಂದೊಂದು ಕಾರ್ಡು, ಇವರದೊಂದು ಕಾರ್ಡು. ಕಾರ್ಡಿಗೆ ಎಷ್ಟ ಹಿಟ್ಟು ಬರತದ ನಿಮಗ ಗೊತ್ತದ. ಕಾರ್ಡಿಲ್ಲದಾಂವ ಹೊಟ್ಟಿ ತುಂಬ ಉಂಡರ ಅದು ಯಾರ ತಾಟಿನಿಂದ ಹೋಗತದ, ನೀವ ಹೇಳ್ರಿ."

"ನನ್ನ ಬುಟ್ಟಿಯಿಂದ ಹೋಗತದ."

"ಬುಟ್ಟಿ ತುಂಬೂದು ನಮ್ಮ ಕಾರ್ಡಿನಿಂದಲ್ರೀ?"

ಉಳಿದವರು ತಲೆ ತಗ್ಗಿಸಿ ಕೂತಿದ್ದರು.

"ನಾ ಅವನ್ನ ಬ್ಯಾಡ ಅನ್ನೂದಿಲ್ಲ," ಎಂದರು ಗುಮಾಸ್ತರು, ದನಿ ತಗ್ಗಿಸಿ. "ಆದರ ಎಲ್ಲಾರಿಗೂ ಒಂದ ಲೆಕ್ಕ ಇರಲಿ. ಮೂರು ಅಂದ್ರ ಮೂರು. ಅವಗೂ ಮೂರು, ನನಗೂ ಮೂರು."

"ನನ್ನ ಬಾಯಾಗ ಎಣಿಕಿ ಬರೂದಿಲ್ಲ."

"ಹಂಗಂದ್ರ ಕಲತಾಕಿ ಇದ್ದಾಳಲ್ರಿ ಮನಿಯಾಗ," ಎಂದು ಅವರು ನನ್ನ ಕಡೆ ನೋಡಿದರು.

ನನಗೆ ಅವರ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಅತ್ತೆ ಬಹಳ ಹೊತ್ತು ಒಲೆಯ ಬೂದಿ ಕೆದರುತ್ತ ಕೂತಳು. ಮರುದಿನ ಊಟದ ಹೊತ್ತಿಗೆ ರೊಟ್ಟಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ತಾನು ಒಲೆಯ ಮುಂದೆ ಸಾಲಿಗೆ ಬೆನ್ನು ಮಾಡಿ ಕೂತಳು. ಎಣಿಸು ಎಂದು ಅವಳು ಹೇಳಲಿಲ್ಲ. ನಾನೂ ಬಾಯಿ ಬಿಟ್ಟು ಎಣಿಸಲಿಲ್ಲ. ಮೂರು ಸಲ ಸಾಲಿನಲ್ಲಿ ಹೋದೆ, ನಾಲ್ಕನೆಯ ಸಲ ಹೋಗಲಿಲ್ಲ.

ಪೈಲವಾನ ಮೊದಲ ರೊಟ್ಟಿಗೆ ಲಾಭಾ ಎಂದ. ಮೂರನೆಯದು ಮುಗಿಸಿ ಕೈ ತಾಟಿನ ಮೇಲಿಟ್ಟುಕೊಂಡು ಕಾದ. ಆಮೇಲೆ ಸಾಲನ್ನೊಮ್ಮೆ ನೋಡಿದ. ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದರು. "ತಂಗೀ, ಮಜ್ಜಿಗಿ ತಾ," ಎಂದು ನನಗೆ ಹೇಳಿ, ತಂಬಿಗೆ ಎತ್ತಿ ಕುಡಿದು ಹೋದ.

ಹಾಗೆ ಕೆಲವು ವಾರ ನಡೆಯಿತು. ಅವನ ಆ ಮೂರು ರೊಟ್ಟಿ ಎಲ್ಲಿಂದ ಬರುತ್ತಿತ್ತೆಂದು ಸಾಲಿನವರು ಕೇಳಲಿಲ್ಲ. ಅವರ ಲೆಕ್ಕ ಅವರಿಗೆ ಸರಿಯಾಗಿತ್ತು. ನನಗೆ ಗೊತ್ತಾದದ್ದು ಅತ್ತೆಯ ಉಪವಾಸಗಳಿಂದ. ಸೋಮವಾರ ಮೊದಲಿನಿಂದಲೂ ಇತ್ತು. ಗುರುವಾರ ಸೇರಿತು. ಆಮೇಲೆ ಶನಿವಾರ, ಅಮಾವಾಸ್ಯೆ, ಹುಣ್ಣಿಮೆ. ಉಳಿದ ದಿನ, ಮೊದಲೇ ಉಂಡೆ ಎನ್ನುತ್ತಿದ್ದಳು. ನಾನು ಕಾಲೇಜಿನಿಂದ ಬೇಗ ಬಂದ ಒಂದು ದಿನ ಅವಳು ಹಿಟ್ಟು ನಾದುವ ಪರಾತಕ್ಕೆ ಅಂಟಿದ್ದನ್ನು ನೀರು ಹಾಕಿ ಬೆರಳಿನಿಂದ ಬಳಿದು, ಕುದಿಸಿ, ಉಪ್ಪು ಹಾಕಿ ಕುಡಿಯುತ್ತಿದ್ದಳು. ನನ್ನನ್ನು ನೋಡಿ, "ಬಾಯಿ ಸಪ್ಪಗ ಆಗಿತ್ತು," ಎಂದಳು. ನನ್ನ ಪಾಲಿನದರಲ್ಲಿ ಒಂದನ್ನು ನಾನು ಬುಟ್ಟಿಯಲ್ಲೇ ಬಿಟ್ಟರೆ ಅದು ಸಂಜೆ ನನ್ನ ತಾಟಿಗೇ ಮರಳುತ್ತಿತ್ತು. ಓದುವವಳು ನೀನು ಎನ್ನುತ್ತಿದ್ದಳು.

ನಮ್ಮ ಪ್ರಾಧ್ಯಾಪಕರು ಆ ದಿನಗಳಲ್ಲಿ ಬೇಡಿಕೆಯ ರೇಖೆಯನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದರು. ಬಹಳ ಒಳ್ಳೆಯ ಪಾಠ. ನಾನು ಒಂದನ್ನೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಪೈಲವಾನ ಎಲ್ಲರಿಗಿಂತ ಮೊದಲು ಬಂದ. ಪೇಟೆಯಲ್ಲಿ ಕೆಲಸವಿರಲಿಲ್ಲ. ಅತ್ತೆ ಹಂಚಿನ ಮೇಲೆ ರೊಟ್ಟಿಗೆ ನೀರು ಸವರುತ್ತಿದ್ದಳು. ಕುಳಿತಲ್ಲೇ ಮುಂದಕ್ಕೆ ವಾಲಿದಳು, ಅಂಗೈ ಹಂಚಿನ ಮೇಲೆ ಊರಿತು. ಕೂಗಲಿಲ್ಲ. ನಾನು ಎಳೆದುಕೊಂಡೆ. ಪೈಲವಾನ ಬಾಗಿಲಿನಿಂದ ಬಂದು ಮಜ್ಜಿಗೆಯ ಗಡಿಗೆಯಲ್ಲಿ ಅವಳ ಕೈ ಅದ್ದಿಸಿದ. ಅವಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ನಾನು ಹೊರಗೆ ಬಂದಾಗ ಅವನು ತನ್ನ ಜಾಗದಲ್ಲಿ ಕೂತಿದ್ದ. ಉಳಿದವರು ಇನ್ನೂ ಬಂದಿರಲಿಲ್ಲ.

"ತಂಗೀ, ಅಕ್ಕಾರ ಊಟ ಮಾಡ್ಯಾರೇನು?"

"ಇವತ್ತು ಉಪವಾಸ."

"ಇವತ್ತ ಏನ ವಾರ?"

"ಬುಧವಾರ."

"ಬುಧವಾರ ಯಾವ ದೇವರ ಉಪವಾಸ?"

ನಾನು ಬುಟ್ಟಿಯ ಬಟ್ಟೆ ಸರಿಸುತ್ತ ನಿಂತೆ. ಅವನು ನನ್ನ ಮುಖ ನೋಡಿದ, ಬುಟ್ಟಿ ನೋಡಿದ. ತಾಟು ಮುಂದಕ್ಕೆ ಎಳೆದುಕೊಂಡ. ನಾನು ಒಂದು ರೊಟ್ಟಿ ಹಾಕಿದೆ.

"ಲಾಭ," ಎಂದ. ಕೂಗಲಿಲ್ಲ, ಮೆಲ್ಲಗೆ, ಲೆಕ್ಕ ಹಾಕುವವನ ಹಾಗೆ.

ಚಟ್ನಿ ಹಚ್ಚಿಕೊಂಡು ನಿಧಾನವಾಗಿ ತಿಂದ. ನಾನು ಎರಡನೆಯದನ್ನು ಹಾಕಲು ಬಗ್ಗಿದಾಗ ಅಂಗೈ ಅಗಲಿಸಿ ತಾಟಿನ ಮೇಲೆ ಇಟ್ಟ. ಆ ಕೈ ತಾಟನ್ನು ಪೂರ್ತಿ ಮುಚ್ಚಿತು.

"ಸಾಕವ್ವಾ."

ಅವನ ಬಾಯಿಂದ ಆ ಮಾತನ್ನು ನಾನು ಮೊದಲು ಕೇಳಿರಲಿಲ್ಲ. ಎದ್ದು, ಬಚ್ಚಲಿಗೆ ಹೋಗಿ ತಾಟು ತಾನೇ ತೊಳೆದ. ಉಂಡವರು ತಾಟು ತೊಳೆಯುವ ರೂಢಿ ನಮ್ಮಲ್ಲಿರಲಿಲ್ಲ, ಅತ್ತೆ ತೊಳೆಯಗೊಡುತ್ತಿರಲಿಲ್ಲ. ಅದನ್ನು ಗೋಡೆಗೆ ಬೋರಲು ಹಾಕಿ, ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ.

ಮರುದಿನ ಬರಲಿಲ್ಲ. ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡೇ ರೊಟ್ಟಿ ಬಡಿದಳು, ಅವನ ಪಾಲನ್ನು ಬುಟ್ಟಿಯ ತಳದಲ್ಲಿ ಮುಚ್ಚಿಟ್ಟಳು. ಅದರ ಮರುದಿನವೂ ಇಟ್ಟಳು. ಒಣಗಿ ಹಪ್ಪಳದಂತಾದ ಮೇಲೆ, "ಪ್ಯಾಟಿಗೆ ಹೋಗಿ ನೋಡಿಕೊಂಡು ಬಾ," ಎಂದಳು.

ಬೇವಿನ ಮರದ ಕೆಳಗೆ ಕೆಲವು ಹಮಾಲರು ಇಸ್ಪೀಟು ಆಡುತ್ತಿದ್ದರು. ಅವನ ಊರಿನವನೇ ಒಬ್ಬ ಎಲೆಯಿಂದ ಕಣ್ಣೆತ್ತದೆ ಹೇಳಿದ: "ಹ್ವಾದ್ನಲ್ಲವ್ವಾ ಅಂವ. ಆಸಾಮದ ಕಡೆ. ಫೌಜಿಗೆ ಹಾದಿ ಕಡಿಯಾಕ ಮಂದಿ ಒಯ್ಯಾಕ ಹತ್ಯಾರ. ವಯಸ್ಸ ಕಡಿಮಿ ಹೇಳಿ ಹೆಬ್ಬೆಟ್ಟ ಒತ್ತಿದ."

"ಯಾವಾಗ ಬರತಾನ?"

"ಅದೇನು ಪಂಢರಪುರದ ಯಾತ್ರಿ ಏನವ್ವಾ, ಬರೂ ದಿನ ಹೇಳಾಕ?" ಎಂದು ಇನ್ನೊಬ್ಬ ಅಂದ. ಮೊದಲಿನವನು ಎಲೆ ಕೆಳಗಿಟ್ಟ. "ಒಳ್ಳೇದ ಆತ ಬಿಡು. ಅಲ್ಲೆ ಹೊಟ್ಟಿ ತುಂಬ ಹಾಕತಾರಂತ."

ಮನೆಗೆ ಬಂದು ಅಷ್ಟನ್ನೇ ಹೇಳಿದೆ. ಅತ್ತೆ ಕೇಳಿದಳು: "ರೊಟ್ಟಿ ಕೊಡತಾರ?"

"ಅಕ್ಕಿಯ ಸೀಮೆ ಅತ್ತೀ. ಅನ್ನ ಇರಬಹುದು."

"ಅನ್ನ ಅವಗ ಆಗೂದಿಲ್ಲ," ಎಂದಳು.

ಮರುದಿನ ಊಟದ ಹೊತ್ತಿಗೆ ನಾನು ಬುಟ್ಟಿಗೆ ಕೈ ಹಾಕಿದಾಗ ಅವಳು ಅದನ್ನು ನನ್ನಿಂದ ತೆಗೆದುಕೊಂಡಳು. ಸಾಲಿನ ಮೊದಲಿಗೆ ಗುಮಾಸ್ತರು ಕೂತಿದ್ದರು. ಅತ್ತೆ ಅವರ ತಾಟಿಗೆ ನೇರವಾಗಿ ನೋಡುತ್ತ ರೊಟ್ಟಿ ಹಾಕಿ, ಎಲ್ಲರಿಗೂ ಕೇಳುವಂತೆ, "ಒಂದು," ಎಂದಳು.

ಗುಮಾಸ್ತರ ಕೈ ಚಟ್ನಿಯ ಬಳಿಯೇ ನಿಂತಿತು. "ಅಕ್ಕಾರ..."

"ಉಣ್ರಿ. ಇನ್ನೂ ಎರಡ ಅವ."

ಅವರು ಉಂಡರು. ಹಸಿದಿದ್ದರು. ಆ ವಾರವೇ ಅವರು ಆಫೀಸಿನಲ್ಲಿ ಯಾರನ್ನೋ ಕೇಳಿ, ಆಸಾಮಿನಲ್ಲಿ ಹಾದಿ ಕಡಿಯುವ ಪಡೆಗೆ ಪತ್ರ ಬರೆಯುವ ವಿಳಾಸ ತಂದು ನನಗೆ ಕೊಟ್ಟರು. ನಾನು ಬರೆದೆ. ಓದಲು ಬಾರದವನಿಗೆ ಬರೆದದ್ದು. ಯಾರಾದರೂ ಓದಿ ಹೇಳಲಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದೆ. ಉತ್ತರ ಬರಲಿಲ್ಲ. ಪತ್ರ ಮರಳಿಯೂ ಬರಲಿಲ್ಲ.

ಮುಂದಿನ ದಸರೆಯ ಹೊತ್ತಿಗೆ ಅತ್ತೆ ಜಾಗವನ್ನು ಉಡುಪಿಯ ಕಡೆಯ ಒಬ್ಬರಿಗೆ ಬಿಟ್ಟುಕೊಟ್ಟಳು. ಅವರು ಮೇಜು ಕುರ್ಚಿ ಹಾಕಿಸಿದರು, ಹೊರಗೆ ಫಲಕ ಬರೆಸಿದರು: ಒಂದು ತಾಟಿಗೆ ಇಷ್ಟು ಅನ್ನ, ಇಷ್ಟು ಪೂರಿ, ಮೇಲೆ ಬೇಕಾದರೆ ಬೇರೆ ದರ. ನಗರದಲ್ಲೆಲ್ಲ ಆಗ ಅಂಥವೇ ಏಳುತ್ತಿದ್ದವು, ಚೆನ್ನಾಗಿ ನಡೆಯುತ್ತಿದ್ದವು. ಸ್ವಚ್ಛವಾದ ಜಾಗ. ಗುಮಾಸ್ತರು ಅಲ್ಲಿಯೇ ಊಟ ಮುಂದುವರಿಸಿದರು. ನಾನು ಅಷ್ಟರಲ್ಲಿ ಪರೀಕ್ಷೆ ಪಾಸಾಗಿದ್ದೆ. ಅತ್ತೆ ಪರಾತವನ್ನು ಮಾತ್ರ ಗೋಣಿಯಲ್ಲಿ ಕಟ್ಟಿಕೊಂಡಳು, ಹಂಚನ್ನು ಅಲ್ಲೇ ಬಿಟ್ಟಳು. ಇಬ್ಬರೂ ಬೆಳಗಾವಿಯ ಗಾಡಿ ಹತ್ತಿದೆವು.

ಯುದ್ಧ ಮುಗಿದು ಈಗ ಎರಡನೆಯ ವರ್ಷ. ಅಪ್ಪನ ಮನೆಯಲ್ಲಿ ಅವಳೇ ರೊಟ್ಟಿ ಬಡಿಯುತ್ತಾಳೆ. ಎಡ ಅಂಗೈಯ ಚರ್ಮ ನುಣ್ಣಗೆ ಬಿಗಿದಿರುವುದರಿಂದ ರೊಟ್ಟಿ ಒಂದು ಕಡೆ ದಪ್ಪವಾಗುತ್ತದೆ. ಅಪ್ಪನ ತಾಟಿಗೆ ಮೊದಲ ರೊಟ್ಟಿ ಹಾಕಿದ ಮೇಲೆ ಅವಳ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ, ಯಾರಾದರೂ ಏನಾದರೂ ಅನ್ನುವುದನ್ನು ಕಾಯುವ ಹಾಗೆ. ಅಪ್ಪ ವರ್ತಮಾನ ಪತ್ರಿಕೆ ಓದುತ್ತ ಉಣ್ಣುತ್ತಾರೆ. ಅವಳು ಕಾಯುವ ಮಾತು ಆ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ನಾನು ಅದನ್ನು ಹೇಳುವುದಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಎರಡನೆಯ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುತ್ತಾಳೆ.